ಪಿಂಚಣಿ "ಮೇಲಿಂದ ಬಂದಿಲ್ಲ" ಅಂದರೆ ನಂಬಬೇಡಿ, ಮೊದಲು ಇದನ್ನು ಓದಿ

ಅಂಗವಿಕಲರ ಪಿಂಚಣಿ, ವೃದ್ಧಾಪ್ಯ ವೇತನ, ವಿಧವಾ ವೇತನ, ಯಾವುದೇ ಇರಲಿ, ತಿಂಗಳುಗಟ್ಟಲೆ ಬಂದಿಲ್ಲ ಅಂತ ಓಡಾಡುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಕೂರಿಸಿಕೊಂಡು ಓದಿ ಹೇಳಿ. ನನ್ನ ದುಡ್ಡು ನಿಂತೇ ಇರಲಿಲ್ಲ. ಸರ್ಕಾರದಿಂದ ತಿಂಗಳು ತಿಂಗಳು ಬರುತ್ತಲೇ ಇತ್ತು. ನನ್ನದೇ ಹೆಸರಿನಲ್ಲಿ, ನನಗೆ ಗೊತ್ತೇ ಇಲ್ಲದ ಇನ್ನೊಂದು ಖಾತೆಗೆ ಹೋಗಿ ಬೀಳುತ್ತಿತ್ತು. ಅಲ್ಲಿಂದ ನನ್ನ ಹೆಬ್ಬೆಟ್ಟನ್ನೇ ಒತ್ತಿಸಿಕೊಂಡು ತೆಗೆಯುತ್ತಿದ್ದವನು ನನಗೆ ಹೇಳುತ್ತಿದ್ದದ್ದು, "ಅಣ್ಣಾ, ಮೇಲಿಂದಲೇ ಬಂದಿಲ್ಲ, ಬಂದ ತಕ್ಷಣ ನಾನೇ ಫೋನ್ ಮಾಡ್ತೀನಿ."

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಇದನ್ನು ಫೋನಿನ ಟಾಕ್‌ಬ್ಯಾಕ್ (ಪರದೆ ಮೇಲಿರುವುದನ್ನು ಓದಿ ಹೇಳುವ ಸೌಲಭ್ಯ) ಇಟ್ಟುಕೊಂಡು ಬರೆಯುತ್ತಿದ್ದೇನೆ. ಶೇಕಡಾ 75ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ನಮ್ಮ ರಾಜ್ಯದಲ್ಲಿ ಕೊಡುವ 1400 ರೂಪಾಯಿ ನನಗೆ ಬರುತ್ತದೆ. ಮೊದಲು ಪೋಸ್ಟ್‌ಮ್ಯಾನ್ ಮನಿಆರ್ಡರ್ ತಂದು ಕೈಗೆ ಕೊಡುತ್ತಿದ್ದರು, ಆಮೇಲೆ ಬ್ಯಾಂಕ್ ಖಾತೆಗೆ ಬರಲು ಶುರುವಾಯಿತು. ಒಂದೆರಡು ತಿಂಗಳು ತಡವಾಗಿ ಎಲ್ಲ ಸೇರಿಸಿ ಬೀಳುವುದು ನಮಗೆಲ್ಲ ಗೊತ್ತಿರುವ ವಿಷಯವೇ. ಅದಕ್ಕೇ ಮೊದಮೊದಲು ಯಾರೂ ಗಾಬರಿಯಾಗುವುದಿಲ್ಲ. ಇಂಥ ಮೋಸಗಾರರು ಬದುಕುವುದೇ ಅದರ ಮೇಲೆ. ತಡ ಆಗುವುದು ನಮಗೆ ಅಭ್ಯಾಸ ಆಗಿಹೋಗಿದೆ, ಅದು ಅವರಿಗೆ ಚೆನ್ನಾಗಿ ಗೊತ್ತು.

ದುಡ್ಡು ನಿಂತಿತು. ನಾಡಕಚೇರಿಗೆ ಹೋದೆ. ಕೇಸ್ ವರ್ಕರ್ ಕಂಪ್ಯೂಟರ್ ನೋಡಿ, "ನಿಮ್ಮದು ಆಕ್ಟಿವ್ ಇದೆ, ನಮ್ಮ ಕಡೆಯಿಂದ ಏನೂ ತೊಂದರೆ ಇಲ್ಲ, ಹಣ ಮೇಲಿಂದ ಬರಬೇಕು" ಅಂದರು. ನನ್ನ ಬ್ಯಾಂಕಿಗೆ ಹೋದೆ. "ಆಧಾರ್ ಲಿಂಕ್ ಆಗಿದೆ, ನಮಗೆ ಬಂದರೆ ತಾನೇ ಹಾಕೋದು" ಅಂದರು. ಮತ್ತೆ ನಾಡಕಚೇರಿ, ಮತ್ತೆ ಬ್ಯಾಂಕ್. ಇಬ್ಬರೂ ಸುಳ್ಳು ಹೇಳಲಿಲ್ಲ. ಆದರೆ ಇನ್ನೊಂದು ಬಟನ್ ಒತ್ತಿ "ನಿಮ್ಮ ದುಡ್ಡು ಇಂಥ ಬ್ಯಾಂಕಿಗೆ ಹೋಗ್ತಾ ಇದೆ" ಅಂತ ಹೇಳುವ ಪುಣ್ಯ ಇಬ್ಬರಿಗೂ ಬೇಡವಾಯಿತು. ಅದೇ ನನಗೆ ಇವತ್ತಿಗೂ ಉರಿ.

ಆಗ ಸಿಕ್ಕವನು ಇವನು. ತಾಲ್ಲೂಕು ಕಚೇರಿ ಹತ್ತಿರ ಅಂಗಡಿ, ಆನ್‌ಲೈನ್ ಅರ್ಜಿ, ಜೆರಾಕ್ಸ್, ಹಣ ತೆಗೆಯುವ ಮೆಷಿನ್ ಎಲ್ಲ ಇದೆ. ಹೊಸಬನೂ ಅಲ್ಲ. ಅದಕ್ಕೆ ಮುಂಚೆ ನಮ್ಮೂರಲ್ಲಿ ಇ-ಶ್ರಮ್ ಕಾರ್ಡ್ ಮಾಡಿಸುವ ಕ್ಯಾಂಪ್ ಮಾಡಿದ್ದು ಇವನೇ. ಅವತ್ತು ಶಾಲೆಯ ಜಗಲಿ ಮೇಲೆ ಸಾಲಾಗಿ ಕೂರಿಸಿ ಎಲ್ಲರ ಹೆಬ್ಬೆಟ್ಟು ತಗೊಂಡ. ನನ್ನದನ್ನು ಎರಡು ಸಲ ತಗೊಂಡ. "ಮೊದಲನೇದು ಸರಿ ಬರಲಿಲ್ಲ ಅಣ್ಣಾ, ಇನ್ನೊಂದ್ ಸಲ ಇಡಿ." ಮೊದಲನೆಯದು ಕಾರ್ಡಿಗೆ. ಎರಡನೆಯದರಲ್ಲಿ ಒಂದು ಪೇಮೆಂಟ್ಸ್ ಬ್ಯಾಂಕಿನಲ್ಲಿ ನನ್ನ ಹೆಸರಿನ ಖಾತೆ ತೆರೆದ. ಆ ಖಾತೆಗೆ ಕೊಟ್ಟ ಮೊಬೈಲ್ ನಂಬರ್ ಅವನದೇ. ಅದೇ ಖಾತೆಗೆ ಆಧಾರ್ ಸೀಡಿಂಗ್ ಕೂಡ ಮಾಡಿಬಿಟ್ಟ, ಅಂದರೆ ನನ್ನ ಆಧಾರ್ ಮೇಲೆ ಬರುವ ಸರ್ಕಾರದ ಹಣ ಅಲ್ಲಿಗೇ ಹೋಗುವ ಹಾಗೆ ಜೋಡಿಸಿಬಿಟ್ಟ. ಇದೆಲ್ಲ ನನಗೆ ಗೊತ್ತಾಗಿದ್ದು ಬಹಳ ಆಮೇಲೆ.

ಸೀಡಿಂಗ್ ವಿಷಯ ದಯವಿಟ್ಟು ಅರ್ಥ ಮಾಡಿಕೊಳ್ಳಿ. ಒಂದು ಆಧಾರ್ ನಂಬರನ್ನು ಎಷ್ಟು ಖಾತೆಗೆ ಬೇಕಾದರೂ ಕೆವೈಸಿಗೆ ಕೊಟ್ಟಿರಬಹುದು. ಆದರೆ ಸರ್ಕಾರದ ಹಣ ಬರುವುದು ಒಂದೇ ಖಾತೆಗೆ. ಯಾವ ಬ್ಯಾಂಕು ಅಂತ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಇರುತ್ತದೆ, ಕೊನೆಯದಾಗಿ ಸೀಡಿಂಗ್ ಆದ ಬ್ಯಾಂಕೇ ಅಲ್ಲಿ ಉಳಿಯುತ್ತದೆ. ಹೊಸ ಖಾತೆ ತೆರೆಯುವಾಗ ಸಬ್ಸಿಡಿ ಇದಕ್ಕೇ ಬರಲಿ ಅಂತ ಒಂದು ಟಿಕ್ ಹಾಕಿಬಿಟ್ಟರೆ ಸಾಕು, ಹಳೇ ಖಾತೆಗೆ ಬರುತ್ತಿದ್ದ ಪಿಂಚಣಿ, ಗ್ಯಾಸ್ ಸಬ್ಸಿಡಿ ಎಲ್ಲ ಆ ಕಡೆ ತಿರುಗುತ್ತದೆ. ಇದು ನನ್ನೊಬ್ಬನ ಕಥೆ ಅಂದುಕೊಳ್ಳಬೇಡಿ. 2017ರಲ್ಲಿ ದೇಶದಲ್ಲಿ ಲಕ್ಷಾಂತರ ಜನರ ಗ್ಯಾಸ್ ಸಬ್ಸಿಡಿ ಹೀಗೇ ಅವರಿಗೆ ತಿಳಿಯದೆ ತೆರೆದ ಖಾತೆಗಳಿಗೆ ಹೋಗಿ ದೊಡ್ಡ ಗಲಾಟೆ ಆಗಿತ್ತು. ಅಷ್ಟಾದ ಮೇಲೂ ನಮ್ಮಂಥವರ ಹತ್ತಿರ ಬಂದು ಇದನ್ನು ಹೇಳಿಕೊಡುವವರು ಯಾರೂ ಇಲ್ಲ.

ಸರಿ, ಇವನ ಹತ್ತಿರ ಹೋದೆ. "ನಿಮ್ಮದು ಹೋಲ್ಡ್ ಆಗಿದೆ, ರೀ-ಆಕ್ಟಿವೇಶನ್ ಹಾಕ್ಬೇಕು" ಅಂದ. 300 ರೂಪಾಯಿ ತಗೊಂಡ. ರಸೀದಿ ಕೇಳಿದೆ, "ಇದಕ್ಕೆಲ್ಲ ರಸೀದಿ ಬರಲ್ಲ ಅಣ್ಣಾ" ಅಂದ. ಸರ್ಕಾರಿ ಅರ್ಜಿ ಅಂದಮೇಲೆ ಸಕಾಲದ ಸ್ವೀಕೃತಿ ಸಂಖ್ಯೆ ಬರಬೇಕಲ್ಲ ಅಂದರೆ, "ಸರ್ವರ್ ಡೌನ್, ನಾಳೆ ಮೆಸೇಜ್ ಬರುತ್ತೆ." ಆ ಮೆಸೇಜ್ ಇವತ್ತಿನವರೆಗೂ ಬಂದಿಲ್ಲ. ಆಮೇಲೆ "ಆಫೀಸಲ್ಲಿ ಒಬ್ರಿಗೆ ಕೊಡ್ಬೇಕು" ಅಂತ ಇನ್ನೂ 500. ಹೋದಾಗಲೆಲ್ಲ ಒಂದೇ ಮಾತು, "ಬನ್ನಿ ಅಣ್ಣಾ, ಸ್ಟೇಟಸ್ ನೋಡೋಣ, ಬೆರಳಿಡಿ." ನಾನು ಬೆರಳಿಡುತ್ತಿದ್ದೆ. ಮೆಷಿನ್ ಬೀಪ್ ಅನ್ನುತ್ತಿತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ನಿಟ್ಟುಸಿರು ಬಿಟ್ಟು "ಇಲ್ಲ ಅಣ್ಣಾ, ಇನ್ನೂ ಬಿದ್ದಿಲ್ಲ" ಅನ್ನುತ್ತಿದ್ದ.

ಗೌರಿ ಹಬ್ಬದ ಹಿಂದಿನ ದಿನ ಹೋಗಿದ್ದೆ. ಅಮ್ಮನಿಗೆ ಒಂದು ಸೀರೆ ತರಬೇಕಿತ್ತು, ಹಬ್ಬಕ್ಕಾದರೂ ಬರುತ್ತಾ ಅಂತ ಕೇಳಿದೆ. "ನೋಡೋಣ ಬೆರಳಿಡಿ" ಅಂದ. ಇಟ್ಟೆ. ಬೀಪ್ ಬಂತು. "ಅಯ್ಯೋ, ಸರ್ಕಾರದಲ್ಲಿ ದುಡ್ಡೇ ಇಲ್ಲ ಅಂತೆ ಅಣ್ಣಾ, ಎಲ್ಲರಿಗೂ ಹಿಂಗೇ ಆಗಿದೆ" ಅಂದ. ಅಲ್ಲಿ ಕೂತಿದ್ದ ಇನ್ನೊಬ್ಬರಿಗೆ ಹೇಳಿ ನನ್ನನ್ನು ರಸ್ತೆ ದಾಟಿಸಿ ಬಸ್ ಹತ್ತಿಸಿದ. ಎಷ್ಟು ಒಳ್ಳೆಯ ಹುಡುಗ ಅಂತ ಮನೆಯಲ್ಲಿ ಅಮ್ಮನ ಹತ್ತಿರ ಹೇಳಿದ್ದೆ.

ಆ ದಿನ ಅವನು ತೆಗೆದದ್ದು ಎರಡು ತಿಂಗಳ ಪಿಂಚಣಿ ಒಟ್ಟಿಗೆ, 2800 ರೂಪಾಯಿ.

ಗೊತ್ತಾಗಿದ್ದು ಹೇಗೆ ಅಂದರೆ, ನನ್ನ ಜೊತೆ ಅಂಧರ ಶಾಲೆಯಲ್ಲಿ ಓದಿದ ಗೆಳೆಯ ಒಬ್ಬ ಬೇರೆ ಯಾವುದಕ್ಕೋ ಫೋನ್ ಮಾಡಿದ್ದ. ಮಾತಿನ ಮಧ್ಯೆ ನನ್ನದು ಇನ್ನೂ ಬಂದಿಲ್ಲ ಕಣೋ ಅಂದೆ. ಅವನದು ಪ್ರತಿ ಸಲ ಬಂದಿತ್ತು. "ಡಿಬಿಟಿ ಕರ್ನಾಟಕ ಆ್ಯಪ್ ಹಾಕ್ಕೊಂಡು ನೋಡಿದ್ಯಾ?" ಅಂತ ಕೇಳಿದ. ಸರ್ಕಾರದಿಂದ ನೇರವಾಗಿ ಖಾತೆಗೆ ಬರುವ ಹಣಕ್ಕೇ ಡಿಬಿಟಿ ಅನ್ನುವುದು, ಅದನ್ನು ತೋರಿಸುವ ಆ್ಯಪ್ ಅದು. ಆಧಾರ್ ನಂಬರ್ ಹಾಕಿದೆ, ಒಟಿಪಿ ಬಂತು, ಒಳಗೆ ಹೋದೆ. ಪಾವತಿ ವಿವರದ ಮೇಲೆ ಬೆರಳು ಸರಿಸಿದೆ. ಟಾಕ್‌ಬ್ಯಾಕ್ ಒಂದೊಂದೇ ಸಾಲು ಓದುತ್ತಾ ಹೋಯಿತು. ತಿಂಗಳು, 1400, ಮುಂದಿನ ತಿಂಗಳು, 1400. ಎಲ್ಲ ಪಾವತಿಯಾಗಿದೆ. ಎಲ್ಲ. ನನಗೆ ನಂಬಿಕೆ ಬರದೆ ಮೇಲಕ್ಕೆ ಹೋಗಿ ಮತ್ತೆ ಓದಿಸಿದೆ. ಸೀಡಿಂಗ್ ಎಲ್ಲಿದೆ ಅಂತ ನೋಡಿದರೆ ನಾನು ಒಂದು ದಿನವೂ ಕಾಲಿಡದ ಬ್ಯಾಂಕಿನ ಹೆಸರು ಹೇಳಿತು. ಕೈಕಾಲು ತಣ್ಣಗಾಯಿತು. ಅಮ್ಮ ಪಕ್ಕದಲ್ಲೇ ಕೂತಿದ್ದರು, ಅವರಿಗೆ ಏನು ಹೇಳಬೇಕು ಅಂತ ತೋಚಲಿಲ್ಲ.

ಆ ಬ್ಯಾಂಕಿನ ಜಿಲ್ಲಾ ಕೇಂದ್ರದ ಕಚೇರಿಗೆ ಗೆಳೆಯನ ಜೊತೆ ಹೋಗಿ ಸ್ಟೇಟ್‌ಮೆಂಟ್ ತೆಗೆಸಿದೆವು. ಅಲ್ಲಿಯ ಹುಡುಗಿ ಓದಿದಳು. ಆಧಾರ್ ಮೂಲಕ ಹಣ ತೆಗೆದದ್ದು, ಇಂಥ ತಾರೀಖು. ಮತ್ತೆ ಇಂಥ ತಾರೀಖು. ಗೌರಿ ಹಬ್ಬದ ಹಿಂದಿನ ದಿನ ಅಂತ ಬಂದಾಗ ನನಗೆ ಎಲ್ಲ ಒಂದೇ ಸಲಕ್ಕೆ ಹೊಳೆಯಿತು. ಅವನು ಸ್ಟೇಟಸ್ ನೋಡುತ್ತೇನೆ ಅಂದ ದಿನಗಳೇ ಅವು. ಆ ಬೀಪ್ ಇದೆಯಲ್ಲ, ಅದು ನನ್ನ ದುಡ್ಡು ಹೋದ ಸದ್ದು. ಪಿಂಚಣಿ ಬಂದಿದೆಯಾ ಇಲ್ಲವಾ ನೋಡುವುದಕ್ಕೆ ಹೆಬ್ಬೆಟ್ಟು ಬೇಕಾಗಿಯೇ ಇಲ್ಲ. ಹಣ ತೆಗೆಯುವುದಕ್ಕೆ ಬೇಕು, ಆಧಾರ್ ನಂಬರ್ ಮತ್ತು ಬೆರಳು ಎರಡಿದ್ದರೆ ಸಾಕು, ಒಟಿಪಿ ಸಹ ಕೇಳುವುದಿಲ್ಲ. ಕಣ್ಣಿರುವವರಾದರೆ ಪರದೆ ಮೇಲೆ ಮೊತ್ತ ನೋಡುತ್ತಿದ್ದರೇನೋ. ನನಗೆ ಕಾಣುವುದಿಲ್ಲ ಅಂತ ಗೊತ್ತಿದ್ದೇ ಮಾಡಿದ.

ಫೋನ್ ಮಾಡಿದೆ. ಮೊದಲು "ಯಾವ ಖಾತೆ? ನಂಗೊತ್ತಿಲ್ಲ." ಸ್ಟೇಟ್‌ಮೆಂಟ್ ಇದೆ ಅಂದೆ. "ಅಣ್ಣಾ, ಖಾತೆ ನಿಮ್ಮ ಹೆಸರಲ್ಲೇ ಇದೆಯಲ್ಲಾ, ದುಡ್ಡು ಎಲ್ಲಿಗೆ ಹೋಗುತ್ತೆ?" ಹಣ ತೆಗೆದಿದ್ದೀಯಲ್ಲಾ ಅಂದೆ. "ಬೆರಳಿಟ್ಟಿದ್ದು ನೀವು. ನಾನು ನಿಮ್ಮ ಕೈ ಹಿಡಿದು ಒತ್ತಿಸಿದ್ನಾ? ತೆಗೆದ ದುಡ್ಡು ನಿಮ್ಮ ಕೈಗೇ ಕೊಟ್ಟಿದ್ದೀನಿ, ನೀವೇ ಮರೆತಿರಬೇಕು." ಈ ಮಾತು ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಕುರುಡನಿಗೆ ಮರೆವೂ ಇದೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾನೆ. ನಮ್ಮ ಬೀದಿಯಲ್ಲಿ ಇಬ್ಬರು ಅದನ್ನು ನಂಬಿಯೂ ಇದ್ದಾರೆ.

ಬ್ಯಾಂಕಿನ ಸಹಾಯವಾಣಿಯದ್ದು ಇನ್ನೊಂದು ಕಥೆ. "ಅದು ಏಜೆಂಟ್ ಮಾಡಿರೋದು ಸಾರ್, ಬ್ಯಾಂಕ್‌ಗೆ ಸಂಬಂಧ ಇಲ್ಲ." ಯಾಕೆ ಸಂಬಂಧ ಇಲ್ಲ? ತನ್ನ ಪರವಾಗಿ ಕೆಲಸ ಮಾಡುವ ಏಜೆಂಟ್ ಏನೇ ಮಾಡಿದರೂ ಬ್ಯಾಂಕೇ ಹೊಣೆ ಅಂತ ಆರ್‌ಬಿಐ ನಿಯಮ ಇದೆ. ಆಮೇಲೆ "ನೀವು ಮೂರು ದಿನದಲ್ಲಿ ತಿಳಿಸಬೇಕಿತ್ತು" ಅಂದರು. ಆ ಮೂರು ಕೆಲಸದ ದಿನದ ಲೆಕ್ಕ ಆರ್‌ಬಿಐನ 2017ರ ಜುಲೈ ಸುತ್ತೋಲೆಯದ್ದು, ಅದು ಶುರುವಾಗುವುದು ಬ್ಯಾಂಕಿನಿಂದ ಗ್ರಾಹಕನಿಗೆ ಮಾಹಿತಿ ಬಂದ ಮೇಲೆ. ನನಗೆ ಮಾಹಿತಿ ಎಲ್ಲಿ ಬಂತು? ಮೆಸೇಜೆಲ್ಲ ಕಳ್ಳನ ಮೊಬೈಲಿಗೇ ಹೋಗುತ್ತಿತ್ತಲ್ಲ. ಇದನ್ನು ಹೇಳಿದರೆ ಹೋಲ್ಡ್ ಹಾಕಿ ಸಂಗೀತ ಕೇಳಿಸುತ್ತಾರೆ.

1400 ರೂಪಾಯಿಗೆ ಇಷ್ಟೊಂದಾ ಅಂತ ಪೊಲೀಸ್ ಠಾಣೆಯಲ್ಲೂ ಒಬ್ಬರು ಕೇಳಿದರು. ಹೌದು ಇಷ್ಟೊಂದು. ಇದು ಯಾರೋ ಕರುಣೆಗೆ ಕೊಡುವ ಕಾಸಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ, ಇಂಥ ಯೋಜನೆಗಳಲ್ಲಿ ಬೇರೆಯವರಿಗೆ ಕೊಡುವುದಕ್ಕಿಂತ ಕನಿಷ್ಠ ಶೇಕಡಾ 25ರಷ್ಟು ಹೆಚ್ಚು ಅಂಗವಿಕಲರಿಗೆ ಕೊಡಬೇಕು ಅಂತಲೇ ಬರೆದಿದೆ. ಅಮ್ಮನ ಬಿಪಿ ಮಾತ್ರೆ ಆ ದುಡ್ಡಿನಿಂದಲೇ ಬರುವುದು. ಆ ತಿಂಗಳುಗಳಲ್ಲಿ ಅವರು ದಿನ ಬಿಟ್ಟು ದಿನ ಮಾತ್ರೆ ತಗೊಂಡಿದ್ದಾರೆ, ನನಗೆ ಹೇಳದೆ.

ಈಗ ನೀವು ಮಾಡಬೇಕಾದದ್ದು. ಮೈಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಇದೆ, ಇವತ್ತೇ ನೋಡಿ, ಯಾವ ಬ್ಯಾಂಕಿನ ಹೆಸರಿದೆ ಅಂತ. ಡಿಬಿಟಿ ಕರ್ನಾಟಕ ಆ್ಯಪಿನಲ್ಲಿ ದುಡ್ಡು ಪಾವತಿ ಆಗಿದೆಯಾ ನೋಡಿ. ಬ್ಯಾಂಕ್ ತಪ್ಪಿದ್ದರೆ ನಿಮ್ಮ ಹಳೇ ಬ್ಯಾಂಕಿಗೇ ಹೋಗಿ, ಬರೀ ಆಧಾರ್ ಲಿಂಕ್ ಮಾಡಿ ಅನ್ನಬೇಡಿ, ಡಿಬಿಟಿ ಹಣ ಈ ಖಾತೆಗೆ ಬರುವ ಹಾಗೆ ಸೀಡಿಂಗ್ ಮಾಡಿ ಅಂತ ಬರೆದುಕೊಡಿ, ಸೀಲ್ ಹಾಕಿದ ಪ್ರತಿ ಇಸಿದುಕೊಳ್ಳಿ. ಆಧಾರ್ ಬಯೋಮೆಟ್ರಿಕ್ (ಬೆರಳಚ್ಚು) ಲಾಕ್ ಮಾಡಿಡಿ, ಬೇಕಾದಾಗ ತೆಗೆಯಬಹುದು. ದುಡ್ಡು ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ, 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. ನಾಡಕಚೇರಿಯವರು ಮೇಲಿಂದ ಬಂದಿಲ್ಲ ಅಂದರೆ ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ದೂರು ಹಾಕಿ, ಇಲ್ಲವೇ ಯಾವ ತಿಂಗಳದ್ದು ಯಾವ ಬ್ಯಾಂಕಿಗೆ ಹೋಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ, ಬಿಪಿಎಲ್‌ನವರಿಗೆ 10 ರೂಪಾಯಿ ಶುಲ್ಕವೂ ಇಲ್ಲ. ನಿಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಕೇಳಿದರೆ ದುಡ್ಡಿಲ್ಲದೆ ಆಗುವ ಕೆಲಸ ಇದು. ಸ್ಟೇಟಸ್ ನೋಡಲು ಬೆರಳಿಡಿ ಅಂದವನ ಅಂಗಡಿಯಿಂದ ಎದ್ದು ಬನ್ನಿ.

ನನ್ನ ಸೀಡಿಂಗ್ ಹಳೇ ಬ್ಯಾಂಕಿಗೆ ವಾಪಸ್ ಬಂದಿದೆ, ಕಳೆದ ತಿಂಗಳ ಪಿಂಚಣಿ ನನ್ನ ಖಾತೆಗೇ ಬಿತ್ತು. ಅವನು ತೆಗೆದದ್ದು ಒಂದು ರೂಪಾಯಿಯೂ ಬಂದಿಲ್ಲ. ದೂರು ಠಾಣೆಯಲ್ಲಿದೆ, ಬ್ಯಾಂಕಿನಲ್ಲೂ ಇದೆ. ಮೊನ್ನೆ ಊರಿನ ಇಬ್ಬರು ಹಿರಿಯರ ಕೈಲಿ ಹೇಳಿ ಕಳಿಸಿದ್ದಾನೆ, ದೂರು ವಾಪಸ್ ತಗೊಂಡರೆ ಅರ್ಧ ಕೊಡುತ್ತಾನಂತೆ. "ನೀವೇ ಮರೆತಿರಬೇಕು" ಅಂದವನು ಅರ್ಧ ಯಾಕೆ ಕೊಡುತ್ತಾನೆ? ನಾನು ವಾಪಸ್ ತಗೊಳ್ಳುವುದಿಲ್ಲ. ಅವತ್ತು ಶಾಲೆಯ ಜಗಲಿ ಮೇಲೆ ನನ್ನ ಜೊತೆ ಸಾಲಿನಲ್ಲಿ ಕೂತಿದ್ದವರೆಲ್ಲ ನಿಮ್ಮ ನಿಮ್ಮ ಸೀಡಿಂಗ್ ಮೊದಲು ನೋಡಿಕೊಳ್ಳಿ. ಬೇರೆ ಬ್ಯಾಂಕಿನ ಹೆಸರು ಬಂದರೆ ಸ್ಟೇಟ್‌ಮೆಂಟ್ ತೆಗೆಸಿ ನನ್ನ ಹತ್ತಿರ ಬನ್ನಿ, ಠಾಣೆಗೆ ಒಟ್ಟಿಗೇ ಹೋಗೋಣ.