ಡಿಎಸ್‌ಪಿ ಉತ್ತರ ಕೊಡದಿದ್ದರೆ: ಸ್ಕ್ಯಾನರ್, ಲಾಜಿಕ್ ಅನಲೈಸರ್, ಸ್ಕೋಪ್

ಸ್ಪೀಕರ್ ಕ್ರಾಸ್‌ಓವರ್‌ಗೆ (ದಪ್ಪ ಸದ್ದು, ತೆಳು ಸದ್ದುಗಳನ್ನು ಬೇರೆ ಬೇರೆ ಸ್ಪೀಕರ್‌ಗೆ ಹಂಚಲು) ಅನಲಾಗ್ ಡಿವೈಸಸ್ ಕಂಪನಿಯ ಎಡಿಎಯು1701 ಎಂಬ ಡಿಎಸ್‌ಪಿ, ಅಂದರೆ ಸಿಗ್ನಲ್ ಸಂಸ್ಕರಿಸುವ ಚಿಪ್ ಬಳಸುವವರಿಗೆ ಈ ತಲೆನೋವು ಗೊತ್ತಿರುತ್ತದೆ. ಅದನ್ನು ಪ್ರೋಗ್ರಾಮ್ ಮಾಡುವ ಸಾಫ್ಟ್‌ವೇರ್ ಸಿಗ್ಮಾಸ್ಟುಡಿಯೋದಲ್ಲಿ ಡಿಸೈನ್ ರೆಡಿ ಇದೆ, ಡೌನ್‌ಲೋಡ್ ಒತ್ತಿದರೆ ಚಿಪ್ ಪಿಟಿಕ್ಕೆನ್ನುವುದಿಲ್ಲ. ಹೋಸ್ಟ್‌ಗೂ (ಚಿಪ್‌ಗೆ ಆದೇಶ ಕೊಡುವ ಕಂಪ್ಯೂಟರ್ ಅಥವಾ ಕಂಟ್ರೋಲರ್) ಅದಕ್ಕೂ ಮಾತುಕತೆ ನಡೆಯುವುದು ಐ2ಸಿ ಎಂಬ ಸಂಪರ್ಕದ ಎರಡೇ ಎರಡು ತಂತಿಗಳಲ್ಲಿ, ಒಂದು ಕ್ಲಾಕ್, ಒಂದು ಡೇಟಾ. ಎಡವಟ್ಟು ಎಲ್ಲಿದೆ ಅಂತ ಹುಡುಕಲು ಮೂರು ದಾರಿ ಬಳಸಿ ನೋಡಿದ್ದೇನೆ. ನನ್ನ ಓಟು ಎರಡನೆಯದಾದ ಲಾಜಿಕ್ ಅನಲೈಸರ್‌ಗೆ.

ಎಲ್ಲಕ್ಕಿಂತ ಸುಲಭ ಎಂದರೆ ಆರ್ಡುಯಿನೋ ಥರದ ಬೋರ್ಡ್‌ನಲ್ಲಿ ಓಡಿಸುವ ಐ2ಸಿ ಸ್ಕ್ಯಾನರ್, ಅಂದರೆ ಒಂದೊಂದೇ ಅಡ್ರೆಸ್ ಕರೆದು ಯಾವುದು ಓಗೊಟ್ಟಿತು ಎಂದು ತೋರಿಸುವ ಪ್ರೋಗ್ರಾಮ್. 3.3 ವೋಲ್ಟ್ ಬೋರ್ಡ್ ತೆಗೆದುಕೊಳ್ಳಿ, 5 ವೋಲ್ಟ್‌ನದನ್ನು ನೇರವಾಗಿ ಜೋಡಿಸಬೇಡಿ. ಚಿಪ್‌ನ ಎರಡೂ ಅಡ್ರೆಸ್ ಪಿನ್ ಗ್ರೌಂಡ್‌ಗೆ ಹೋಗಿದ್ದರೆ ಅದರ ಅಡ್ರೆಸ್ ಹೆಕ್ಸ್ (ಹದಿನಾರರ ಎಣಿಕೆ) 34 ಎಂದು ಕಾಣಬೇಕು. ಅದನ್ನೇ ಸಿಗ್ಮಾಸ್ಟುಡಿಯೋ 68 ಎನ್ನುತ್ತದೆ, ಗಾಬರಿ ಬೇಡ. ಸ್ಕ್ಯಾನರ್ ಏಳು ಬಿಟ್ ಎಣಿಸಿದರೆ ಸಿಗ್ಮಾಸ್ಟುಡಿಯೋ ರೀಡ್-ರೈಟ್ ಬಿಟ್ ಸೇರಿಸಿ ಎಂಟು ಎಣಿಸುತ್ತದೆ, ಅಷ್ಟೇ. ಬರೀ ಹೆಕ್ಸ್ 50 ಕಂಡರೆ ಅದು ಪಕ್ಕದ ಇಇಪ್ರಾಮ್, ಪ್ರೋಗ್ರಾಮ್ ಉಳಿಸಿಡುವ ಮೆಮರಿ ಚಿಪ್. ತಂತಿ ಸರಿಯಿದೆ, ಡಿಎಸ್‌ಪಿಯ ರೀಸೆಟ್ ಪಿನ್ ಮತ್ತು 1.8 ವೋಲ್ಟ್ ಸಪ್ಲೈ ನೋಡಿ. ಆದರೆ ಸ್ಕ್ಯಾನರ್‌ಗೆ ಗೊತ್ತಿರುವುದು ‘ಇದೆ’, ‘ಇಲ್ಲ’ ಎರಡೇ. ಏಕೆ ಇಲ್ಲ ಎಂದು ಅದು ಹೇಳಲಾರದು.

ಅದನ್ನು ಹೇಳುವುದು ಎಂಟು ಚಾನೆಲ್‌ನ, 24 ಮೆಗಾಹರ್ಟ್ಸ್‌ನ ಅಗ್ಗದ ಲಾಜಿಕ್ ಅನಲೈಸರ್, ತಂತಿಗಳ ಮೇಲಿನ ಒಂದು-ಸೊನ್ನೆಗಳನ್ನು ದಾಖಲಿಸುವ ಉಪಕರಣ. ದಾಖಲೆ ಓದಲು ಬೇಕಾದ ಪಲ್ಸ್‌ವ್ಯೂ ಸಾಫ್ಟ್‌ವೇರ್ ಪುಕ್ಕಟೆ. ಪ್ರತಿ ಬೈಟ್‌ನ ಒಂಬತ್ತನೇ ಕ್ಲಾಕ್ ನೋಡಿ. ಆಗ ಡೇಟಾ ಲೈನ್ ಕೆಳಗಿಳಿದರೆ ಚಿಪ್ ಹೂಂಗುಟ್ಟಿದೆ ಎಂದರ್ಥ. ಉಳಿದ ಚಾನೆಲ್‌ಗಳನ್ನು ಸುಮ್ನೆ ಬಿಡಬೇಡಿ, ರೀಸೆಟ್ ಮತ್ತು ಸಿಲ್ಯಾಚ್ (CLATCH) ಪಿನ್‌ಗಳಿಗೆ ಹಾಕಿ. ಸಿಲ್ಯಾಚ್ ಮೂರು ಸಲ ಕೆಳಗಿಳಿದರೆ ಈ ಚಿಪ್ ಎಸ್‌ಪಿಐ ಎಂಬ ಇನ್ನೊಂದು ಸಂಪರ್ಕದ ಮೋಡ್‌ಗೆ ಹೋಗಿಬಿಡುತ್ತದೆ, ಆಮೇಲೆ ಐ2ಸಿಯಲ್ಲಿ ಎಷ್ಟು ಕರೆದರೂ ಓಗೊಡುವುದಿಲ್ಲ. ಸೆಲ್ಫ್‌ಬೂಟ್ ಆನ್ ಇದ್ದರೆ ಇನ್ನೊಂದು ಫಜೀತಿ. ಪವರ್ ಕೊಟ್ಟ ಕೂಡಲೇ ಡಿಎಸ್‌ಪಿಯೇ ಮಾಸ್ಟರ್ ಆಗಿ ಇಇಪ್ರಾಮ್ ಓದಲು ಶುರು ಮಾಡುತ್ತದೆ. ಅದೇ ಹೊತ್ತಿಗೆ ನಿಮ್ಮ ಹೋಸ್ಟ್ ಬಾಯಿ ಹಾಕಿದರೆ ಇಬ್ಬರ ಮಾತೂ ಕೆಡುತ್ತದೆ. ಇದೆಲ್ಲ ಸ್ಕ್ರೀನ್ ಮೇಲೆ ನೇರವಾಗಿ ಕಾಣುತ್ತದೆ.

ಹಾಗಾದರೆ ಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಬಿಡಿಸಿ ತೋರಿಸುವ ಆಸಿಲೋಸ್ಕೋಪ್) ಬೇಡವಾ? ಒಂದೇ ಒಂದು ಕಡೆ ಬೇಕು. 100 ಕಿಲೋಹರ್ಟ್ಸ್‌ನಲ್ಲಿ ಸಿಕ್ಕ ಚಿಪ್ 400ರಲ್ಲಿ ಕೈಕೊಟ್ಟಾಗ. ಅನಲೈಸರ್‌ಗೆ ಕಾಣುವುದು ಬರೀ ಒಂದು, ಸೊನ್ನೆ. ಅಂಚು ಎಷ್ಟು ನಿಧಾನ ಏರುತ್ತಿದೆ ಎಂದು ತೋರಿಸುವುದು ಸ್ಕೋಪೇ. 10ಕೆ ಪುಲ್‌ಅಪ್ (ಲೈನನ್ನು ಮೇಲಕ್ಕೆಳೆಯುವ 10 ಕಿಲೋಓಮ್ ರೆಸಿಸ್ಟರ್), ಉದ್ದ ವೈರು, ಲೈನ್ ಮೇಲೆ 100 ಪಿಕೋಫ್ಯಾರಡ್ ಇದ್ದರೆ ಏರಲು ಸುಮಾರು 850 ನ್ಯಾನೋಸೆಕೆಂಡ್ ಬೇಕು. 400 ಕಿಲೋಹರ್ಟ್ಸ್‌ಗೆ ಇರುವ ಮಿತಿ 300. ರೆಸಿಸ್ಟರನ್ನು 2.2ಕೆಗೆ ಇಳಿಸಿದರೆ 190ರ ಒಳಗೆ ಬರುತ್ತದೆ. ಇದಕ್ಕಾಗಿ ಸ್ಕೋಪ್ ಕೊಳ್ಳುವುದು ದುಡ್ಡು ದಂಡ, ಗೆಳೆಯರ ಹತ್ತಿರ ಎರವಲು ತಂದರೆ ಸಾಕು. ಆದರೆ 1ಕೆಗಿಂತ ಕೆಳಗೆ ಹೋಗಬೇಡಿ. ಆಗ ಲೈನ್ ಕೆಳಗೆಳೆಯಲು 3 ಮಿಲಿಆಂಪಿಯರ್‌ಗಿಂತ ಜಾಸ್ತಿ ಬೇಕಾಗುತ್ತದೆ, ಎಲ್ಲ ಚಿಪ್‌ಗೂ ಅಷ್ಟು ತಾಕತ್ತು ಇರುವುದಿಲ್ಲ.