ನವೆಂಬರ್ ಕೊನೆಯ ಬುಡಾಪೆಸ್ಟ್: ಬಿಸಿನೀರೋ, ಪಾರ್ಲಿಮೆಂಟೋ, ನದಿ ದಂಡೆಯೋ?

ಹಂಗೇರಿಯ ರಾಜಧಾನಿ ಬುಡಾಪೆಸ್ಟಿನಲ್ಲಿ ಒಂದೇ ಮಧ್ಯಾಹ್ನ ಇದೆ, ಬಿಸಿನೀರಿನ ಸ್ನಾನ, ಪಾರ್ಲಿಮೆಂಟ್, ನದಿ ದಂಡೆ ಇವುಗಳಲ್ಲಿ ಯಾವುದಕ್ಕೆ ಹೋಗಲಿ ಅಂತ ಕೇಳಿದ್ದೀರಿ. ಮೊದಲು ಬೆಳಕಿನ ಲೆಕ್ಕ ನೋಡಿ. ನವೆಂಬರ್ ಕೊನೆಗೆ ಅಲ್ಲಿ ಸಂಜೆ 4ಕ್ಕೆಲ್ಲ ಸೂರ್ಯ ಮುಳುಗುತ್ತಾನೆ.

ಸೆಚೆನಿ ಸ್ನಾನಗೃಹಕ್ಕೆ ಚಳಿಯೇ ಸೊಗಸು. 1913ರಲ್ಲಿ ಶುರುವಾದದ್ದು, ನೆಲದಡಿಯಿಂದ ಬರುವ ಬಿಸಿನೀರು. ಬಯಲಲ್ಲಿರುವ ಕೊಳದಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತರೆ ಸುತ್ತ ಹಬೆ, ಮೇಲೆ ಕತ್ತಲು. ಕತ್ತಲಾದ ಮೇಲೆಯೇ ಹೋಗಿ, ಚೆನ್ನಾಗಿರುತ್ತದೆ. ಕಷ್ಟ ಇರುವುದು ನೀರಿಂದ ಎದ್ದು ಒಳಗೆ ಓಡುವ ಆ ಹತ್ತು ಹೆಜ್ಜೆಯಲ್ಲಿ! ಟವೆಲ್, ಚಪ್ಪಲಿ ಒಯ್ಯಿರಿ. ವಾಪಸ್ ಬರುವಾಗ ಒದ್ದೆ ತಲೆಗೆ ನಮ್ಮ ಮಂಕಿ ಕ್ಯಾಪೇ ಸರಿ. ಮಕ್ಕಳಿದ್ದರೆ ವಯಸ್ಸಿನ ನಿಯಮ ಮೊದಲೇ ನೋಡಿಕೊಳ್ಳಿ.

ಪಾರ್ಲಿಮೆಂಟ್ ಒಳಗೆ ಮಳೆ, ಗಾಳಿಯ ಚಿಂತೆಯಿಲ್ಲ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. 96 ಮೀಟರ್ ಎತ್ತರದ ಗುಮ್ಮಟದ ಕೆಳಗೆ ಹಂಗೇರಿಯ ರಾಜರ ಕಿರೀಟ ಇಟ್ಟಿದ್ದಾರೆ. ಆದರೆ ಯುರೋಪಿನ ಒಕ್ಕೂಟದ ಹೊರಗಿನವರಿಗೆ ಟಿಕೆಟ್ ಜಾಸ್ತಿ, ಮುಂಚೆಯೇ ಬುಕ್ ಮಾಡಬೇಕು. ಸ್ನಾನದ ಟಿಕೆಟ್ಟೂ ಅಗ್ಗವಲ್ಲ ಬಿಡಿ.

ಡ್ಯಾನ್ಯೂಬ್ ನದಿ ದಂಡೆಗೆ ಕಾಸೇ ಬೇಡ. ನದಿಯ ಪಶ್ಚಿಮ ಬದಿ ಬುಡಾ, ಪಾರ್ಲಿಮೆಂಟ್ ಇರುವ ಪೂರ್ವ ಬದಿ ಪೆಸ್ಟ್. ಚೈನ್ ಬ್ರಿಡ್ಜ್ ದಾಟಿ ಬುಡಾ ಕಡೆಯಿಂದ ನೋಡಿದರೆ ಅದೇ ಪಾರ್ಲಿಮೆಂಟ್ ದೀಪದಲ್ಲಿ ಹೊಳೆಯುತ್ತದೆ. ಗಾಳಿ ಮಾತ್ರ ಕೊರೆಯುತ್ತದೆ. ನಡೆಯಲಾಗದಿದ್ದರೆ ಪೆಸ್ಟ್ ದಂಡೆಯ 2ನೇ ನಂಬರ್ ಟ್ರಾಮ್ ಹತ್ತಿ.

ಅಪ್ಪ ಅಮ್ಮ ಜೊತೆಗಿದ್ದರೆ ಪಾರ್ಲಿಮೆಂಟ್, ಆಮೇಲೆ ಟ್ರಾಮ್. ಕೈ ಬಿಗಿಯಾಗಿದ್ದರೆ ದಂಡೆ. ಸ್ನೇಹಿತರ ಗುಂಪು, ಅವಸರವಿಲ್ಲ ಅಂದರೆ ಸೆಚೆನಿ. ಅದಕ್ಕೆ ಮೂರು ಗಂಟೆಯಾದರೂ ಇಟ್ಟುಕೊಳ್ಳಿ.