ನ್ಯೂಸ್ ಪ್ರೊಡ್ಯೂಸರ್ ಕೆಲಸವೋ, ಕಮ್ಯುನಿಕೇಷನ್ಸ್ ಕೆಲಸವೋ?

ಟಿವಿ ಸುದ್ದಿ ಬಿಟ್ಟು ಯಾವುದಾದರೂ ಸಂಸ್ಥೆಯ ಕಮ್ಯುನಿಕೇಷನ್ಸ್‌ಗೆ, ಅಂದರೆ ಆ ಸಂಸ್ಥೆಯ ಪರವಾಗಿ ಮಾಧ್ಯಮಕ್ಕೆ ಹೇಳಿಕೆ ಕೊಡುವ ಕೆಲಸಕ್ಕೆ, ಹೋಗಲೋ ಬೇಡವೋ ಎಂದು ಯೋಚಿಸುತ್ತಿರುವ ಪ್ರೊಡ್ಯೂಸರ್‌ಗೆ ಈ ಮಾತು. ನ್ಯೂಸ್‌ರೂಮಿನಲ್ಲಿ ಗಡಿಯಾರವೇ ಯಜಮಾನ. ಬುಲೆಟಿನ್‌ಗೆ ಎರಡು ನಿಮಿಷ ಇರುವಾಗ ಲೀಡ್ ಸ್ಟೋರಿ ಬದಲಾಗುತ್ತದೆ. ಪ್ರೊಡ್ಯೂಸರ್ ರನ್‌ಡೌನ್ (ಬುಲೆಟಿನ್ ಸುದ್ದಿಗಳ ಕ್ರಮಪಟ್ಟಿ) ತಿರುವಿಹಾಕಿ, ಆ್ಯಂಕರ್ ಕಿವಿಗೆ ಹೊಸ ಸಾಲು ಹೇಳಬೇಕು. ಕಮ್ಯುನಿಕೇಷನ್ಸ್‌ನಲ್ಲಿ ಪುಟ್ಟ ಹೇಳಿಕೆಯೂ ಕಾನೂನು ವಿಭಾಗ, ಮೇಲಧಿಕಾರಿ, ಮತ್ತೆ ಕಾನೂನು ವಿಭಾಗ ಅಂತ ಸುತ್ತುತ್ತದೆ. ತಾಳ್ಮೆ ಜಾಸ್ತಿ ಬೇಕು.

ಕಮ್ಯುನಿಕೇಷನ್ಸ್‌ಗೆ ಬಂದರೆ ರಾತ್ರಿ ಪಾಳಿ ಸಾಮಾನ್ಯವಾಗಿ ತಪ್ಪುತ್ತದೆ. ಆದರೆ ಸಂಸ್ಥೆಗೆ ಸಂಕಟ ಬಂದ ದಿನ ಫೋನ್ ಸುಮ್ನೆ ಇರುವುದಿಲ್ಲ.

ದೊಡ್ಡ ವ್ಯತ್ಯಾಸ ಬೇರೆಯೇ ಇದೆ. ನ್ಯೂಸ್‌ರೂಮಿನಲ್ಲಿ ಪ್ರಶ್ನೆ ಕೇಳುವವರು ನೀವು. ಕಮ್ಯುನಿಕೇಷನ್ಸ್‌ನಲ್ಲಿ ಒಂದೇ ಕಡೆಯ ಪರವಾಗಿ ಉತ್ತರ ಕೊಡುವವರು. ಏನು ಸುದ್ದಿಯಾಗುತ್ತದೆ ಎಂಬ ನಿಮ್ಮ ಅಂದಾಜಿಗೆ ಇಲ್ಲೂ ಬೆಲೆ ಇದೆ, ಅದು ನಿಜ. ಆದರೂ ಸಂಸ್ಥೆಯ ಕೆಲಸದಲ್ಲಿ ನಂಬಿಕೆ ಇಲ್ಲದಿದ್ದರೆ, ಸಂಬಳ ಎಷ್ಟೇ ಇರಲಿ, ಹೋಗಬೇಡಿ. ನಂಬಿಕೆ ಇದ್ದರೆ ಸೇರುವ ಮುಂಚೆ ಒಂದು ಮಾತು ಕೇಳಿ: ಕೆಟ್ಟ ಸುದ್ದಿ ಬಂದಾಗ ತೀರ್ಮಾನ ಮಾಡುವ ಮೀಟಿಂಗ್‌ನಲ್ಲಿ ನಿಮಗೆ ಜಾಗ ಇರುತ್ತದಾ, ಇಲ್ಲಾ ತೀರ್ಮಾನವಾದ ಮೇಲೆ ಬರೆದುಕೊಡುವುದಷ್ಟೇ ಕೆಲಸವಾ?